ಕತ್ತಲ ಪೇಟೆ

ಚಿತ್ರದುರ್ಗದ ಕೋಟೆಯನ್ನು ನೋಡಲು ಹೋದವರು ಓಬವ್ವನ ಕಿಂಡಿಯ ಮುಂದೆ ಒಂದು ಗಳಿಗೆ ನಿಲ್ಲದೆ ಮರಳುವುದಿಲ್ಲ. ಏಳು ಸುತ್ತಿನ ಆ ಕೋಟೆಯಲ್ಲಿ ಎತ್ತರವಾದ ಬತೇರಿಗಳಿವೆ. ತಿರುವು ತಿರುವಾಗಿ ಕಟ್ಟಿದ ಹೆಬ್ಬಾಗಿಲುಗಳಿವೆ. ಮಳೆಯ ನೀರನ್ನು ಹಿಡಿದಿಡುವ ಹೊಂಡಗಳಿವೆ. ಆದರೂ ಜನರ ನೆನಪಿನಲ್ಲಿ ಎಲ್ಲಕ್ಕಿಂತ ಆಳವಾಗಿ ಉಳಿದಿರುವುದು, ಒಬ್ಬ ಮನುಷ್ಯ ಮಾತ್ರ ಪ್ರಯಾಸದಿಂದ ನುಸುಳಬಹುದಾದ ಆ ಬಂಡೆಯ ಸಂದು. ಅದು ಹೈದರಾಲಿಯ ಸೈನ್ಯವು ದುರ್ಗವನ್ನು ಮುತ್ತಿದ್ದ ಕಾಲ. ಕಾವಲುಗಾರನಾದ ಗಂಡನು ಊಟಕ್ಕೆ ಕುಳಿತಿದ್ದಾಗ, ನೀರು ತರಲು ಹೋದ ಓಬವ್ವನಿಗೆ ಕಿಂಡಿಯ ಒಳಗಿನಿಂದ ಪಿಸುಮಾತು ಕೇಳಿಸಿತು. ಆಕೆ ಒನಕೆಯನ್ನು ಹಿಡಿದು ನಿಂತು, ಒಬ್ಬೊಬ್ಬರಾಗಿ ತಲೆ ತೂರಿಸಿದ ಶತ್ರುಗಳನ್ನು ಕೆಡವಿದಳು. ಈ ಕಥೆಯನ್ನು ಅರಿಯದ ಮಕ್ಕಳು ಆ ಸೀಮೆಯಲ್ಲಿಲ್ಲ.

ಕೋಟೆ ಕೊತ್ತಲಗಳ ಕಾಲ ಮುಗಿಯಿತು. ಆದರೆ ಕಿಂಡಿಗಳ ಕಾಲ ಮುಗಿಯಲಿಲ್ಲ. ಇಂದು ಹಿರಿಯೂರಿನ ರೈತನ ಬ್ಯಾಂಕಿನ ಲೆಕ್ಕ, ಹೊಳಲ್ಕೆರೆಯ ಅಡಿಕೆ ವ್ಯಾಪಾರಿಯ ವಹಿವಾಟು, ಹೊಸದುರ್ಗದ ವಿದ್ಯಾರ್ಥಿಯ ಅಂಕಪಟ್ಟಿ, ಇವೆಲ್ಲವೂ ಅಂತರ್ಜಾಲವೆಂಬ ಮಹಾಜಾಲದಲ್ಲಿ ಸೇರಿಕೊಂಡಿವೆ. ಈ ಜಾಲದ ಒಂದು ಮೂಲೆಯಲ್ಲಿ ಹೆಸರಿಲ್ಲದವರು ಹೆಸರಿಲ್ಲದವರೊಡನೆ ವ್ಯಾಪಾರ ಮಾಡುವ ಪೇಟೆಗಳಿವೆ. ಆ ಮೂಲೆಗೆ ಡಾರ್ಕ್ ವೆಬ್, ಅಂದರೆ ಕತ್ತಲ ಜಾಲ ಎಂದು ಹೆಸರು. ಅದು ಏನು, ಅದರಿಂದ ಬರುವ ಕೇಡು ಯಾವುದು, ಆ ಕೇಡನ್ನು ತಡೆಯಲು ಸರ್ಕಾರಗಳು ಏನು ಮಾಡುತ್ತಿವೆ ಎಂಬುದನ್ನು ತಿಳಿಯುವುದು ಇಂದಿನ ವಿದ್ಯಾರ್ಥಿಗಳಿಗೆ ಅವಶ್ಯಕವಾಗಿದೆ.

ಅಂತರ್ಜಾಲವನ್ನು ಒಂದು ಊರಿಗೆ ಹೋಲಿಸಬಹುದು. ಊರಿನಲ್ಲಿ ಎಲ್ಲರೂ ಓಡಾಡುವ ಬೀದಿಗಳೂ ಅಂಗಡಿಗಳೂ ಇರುತ್ತವೆ. ಪತ್ರಿಕೆಗಳು, ವಿಶ್ವಕೋಶಗಳು, ಸರ್ಕಾರದ ಪ್ರಕಟಣೆಗಳು ಇಂತಹ ಬಯಲು ಭಾಗಕ್ಕೆ ಸೇರಿದವು. ಬೀದಿಯ ಎರಡು ಬದಿಗೂ ಮನೆಗಳಿವೆ; ಅವುಗಳ ಒಳಕೋಣೆಗಳಿಗೆ ಬೀಗವಿದೆ. ನಮ್ಮ ಮಿಂಚಂಚೆ, ಬ್ಯಾಂಕಿನ ಖಾತೆ, ಆಸ್ಪತ್ರೆಯ ದಾಖಲೆಗಳು ಈ ಒಳಕೋಣೆಗಳಂತೆ. ಇವುಗಳಿಗೆ ಆಳದ ಜಾಲವೆಂದು ಹೆಸರಿದ್ದರೂ ಇವುಗಳಲ್ಲಿ ತಪ್ಪೇನೂ ಇಲ್ಲ, ಬೀಗವಿರಬೇಕಾದ್ದೇ ನ್ಯಾಯ. ಮೂರನೆಯದು ಊರಿನ ಕೆಳಗೆ ಹಾದುಹೋಗುವ ಸುರಂಗ. ಸಾಮಾನ್ಯ ಹುಡುಕಾಟದಲ್ಲಿ ಅದು ಕಾಣುವುದಿಲ್ಲ. ಅದರೊಳಕ್ಕೆ ಹೋಗಲು ಬೇರೆಯೇ ಬಗೆಯ ತಂತ್ರಾಂಶ ಬೇಕು. ಇದೇ ಕತ್ತಲ ಜಾಲ.

ಈ ಸುರಂಗದಲ್ಲಿ ಹೋಗುವವರ ಗುರುತು ಹೇಗೆ ಮರೆಯಾಗುತ್ತದೆ? ಒಂದು ಉದಾಹರಣೆಯನ್ನು ನೋಡೋಣ. ಮಾರಿಕಣಿವೆಯ ಅಣೆಕಟ್ಟೆಯ ಬಳಿಯಿರುವ ವಾಣಿವಿಲಾಸಪುರದ ಒಬ್ಬನು ಚಿತ್ರದುರ್ಗದ ಒಬ್ಬನಿಗೆ ಗುಟ್ಟಾಗಿ ಪತ್ರ ಕಳುಹಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಅವನು ಪತ್ರವನ್ನು ಒಂದರೊಳಗೊಂದರಂತೆ ಮೂರು ಲಕೋಟೆಗಳಲ್ಲಿ ಇಟ್ಟು ಅಂಟಿಸುತ್ತಾನೆ. ಹೊರಗಿನ ಲಕೋಟೆಯನ್ನು ಹಿರಿಯೂರಿನ ದೂತನು ಒಡೆಯುತ್ತಾನೆ. ಅದರೊಳಗೆ ಅವನಿಗೆ ಸಿಗುವುದು ಹೊಸದುರ್ಗದ ದೂತನ ವಿಳಾಸ ಮಾತ್ರ. ಹೊಸದುರ್ಗದವನು ಎರಡನೆಯ ಲಕೋಟೆಯನ್ನು ಒಡೆದರೆ ಅವನಿಗೆ ಕಾಣುವುದು ಹೊಳಲ್ಕೆರೆಯ ದೂತನ ವಿಳಾಸ. ಹೊಳಲ್ಕೆರೆಯವನು ಮೂರನೆಯದನ್ನು ಒಡೆದು ಪತ್ರವನ್ನು ಚಿತ್ರದುರ್ಗಕ್ಕೆ ಮುಟ್ಟಿಸುತ್ತಾನೆ. ಹಿರಿಯೂರಿನವನು ಪತ್ರ ಬರೆದವನನ್ನು ಬಲ್ಲ, ಅದು ಸೇರುವ ಸ್ಥಳವನ್ನು ಅರಿಯ. ಹೊಳಲ್ಕೆರೆಯವನು ಸೇರುವ ಸ್ಥಳವನ್ನು ಬಲ್ಲ, ಬರೆದವನನ್ನು ಅರಿಯ. ನಡುವಿನ ಹೊಸದುರ್ಗದವನು ಎರಡನ್ನೂ ಅರಿಯ. ದಾರಿಯಲ್ಲಿ ಯಾರನ್ನು ಹಿಡಿದು ಕೇಳಿದರೂ ಪೂರ್ಣ ಸಂಗತಿ ತಿಳಿಯುವುದಿಲ್ಲ. ಕತ್ತಲ ಜಾಲದಲ್ಲಿ ಈ ಮೂವರು ದೂತರ ಕೆಲಸವನ್ನು ಪ್ರಪಂಚದ ಬೇರೆ ಬೇರೆ ಕಡೆಗಳಲ್ಲಿರುವ ಮೂರು ಗಣಕಯಂತ್ರಗಳು ಕ್ಷಣಮಾತ್ರದಲ್ಲಿ ಮಾಡುತ್ತವೆ. ಕತ್ತಲ ಪೇಟೆಯ ಅಂಗಡಿಕಾರನೂ ತನ್ನ ಕಡೆಯಿಂದ ಇಂತಹ ದೂತರನ್ನೇ ಇಟ್ಟುಕೊಂಡಿರುತ್ತಾನೆ. ಆದುದರಿಂದ ಕೊಳ್ಳುವವನಿಗೆ ಮಾರುವವನೂ ಮಾರುವವನಿಗೆ ಕೊಳ್ಳುವವನೂ ಕಾಣುವುದಿಲ್ಲ.

ಈ ಏರ್ಪಾಡನ್ನು ಕಂಡುಹಿಡಿದವರು ಕಳ್ಳರಲ್ಲ. 1990ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿದ್ದ ಪಾಲ್ ಸೈವರ್ಸನ್, ಮೈಕೆಲ್ ರೀಡ್ ಮತ್ತು ಡೇವಿಡ್ ಗೋಲ್ಡ್‌ಶ್ಲಾಗ್ ಎಂಬ ವಿಜ್ಞಾನಿಗಳು, ಸಂದೇಶ ಕಳುಹಿಸುವವರ ಗುರುತನ್ನು ರಕ್ಷಿಸುವ ಸಲುವಾಗಿ ಇದನ್ನು ರೂಪಿಸಿದರು. ಪದರದೊಳಗೆ ಪದರವಿರುವುದರಿಂದ ಇದಕ್ಕೆ ‘ಈರುಳ್ಳಿ ಮಾರ್ಗ’ ಎಂಬ ಅರ್ಥದ ಹೆಸರನ್ನಿಟ್ಟರು. ಈರುಳ್ಳಿ ಬೆಳೆಯುವ ಚಿತ್ರದುರ್ಗ ಜಿಲ್ಲೆಯ ರೈತರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. 2002ರಲ್ಲಿ ಇದರ ಆಧಾರದ ಮೇಲೆ ‘ಟಾರ್’ ಎಂಬ ತಂತ್ರಾಂಶವು ಸಾರ್ವಜನಿಕರ ಬಳಕೆಗೆ ಬಂದಿತು. ಸರ್ವಾಧಿಕಾರವಿರುವ ದೇಶಗಳಲ್ಲಿ ಪತ್ರಕರ್ತರೂ ನ್ಯಾಯಕ್ಕಾಗಿ ಹೋರಾಡುವವರೂ ಪ್ರಾಣಭಯವಿಲ್ಲದೆ ಸುದ್ದಿ ಕಳುಹಿಸಲು ಇದನ್ನು ಬಳಸುತ್ತಾರೆ. ಬಿ.ಬಿ.ಸಿ. ಸುದ್ದಿಸಂಸ್ಥೆಯು 2019ರಲ್ಲಿ ತನ್ನ ಸುದ್ದಿಗಳನ್ನು ಈ ಮಾರ್ಗದಲ್ಲಿಯೂ ಒದಗಿಸಿತು. ಒನಕೆಯು ಭತ್ತ ಕುಟ್ಟುವುದಕ್ಕೂ ಆದೀತು, ತಲೆ ಒಡೆಯುವುದಕ್ಕೂ ಆದೀತು. ಸಾಧನಕ್ಕೆ ಗುಣದೋಷಗಳಿಲ್ಲ, ಅವು ಇರುವುದು ಹಿಡಿದ ಕೈಯಲ್ಲಿ.

ಆದರೆ ಮುಖ ಕಾಣದ ಜಾಗದಲ್ಲಿ ನಾಚಿಕೆಯೂ ಭಯವೂ ಕಡಿಮೆಯಾಗುವುದು ಮನುಷ್ಯ ಸ್ವಭಾವ. 2011ರಲ್ಲಿ ಅಮೆರಿಕದ ರಾಸ್ ಉಲ್ಬ್ರಿಕ್ಟ್ ಎಂಬ ಯುವಕನು ಕತ್ತಲ ಜಾಲದಲ್ಲಿ ‘ಸಿಲ್ಕ್ ರೋಡ್’ ಎಂಬ ಪೇಟೆಯನ್ನು ತೆರೆದನು. ಅಲ್ಲಿ ಮಾದಕವಸ್ತುಗಳು ಬೆಲೆಪಟ್ಟಿಯೊಡನೆ ಮಾರಾಟವಾಗುತ್ತಿದ್ದವು. ಹಣವನ್ನು 2009ರಲ್ಲಿ ಬಳಕೆಗೆ ಬಂದಿದ್ದ ಬಿಟ್‌ಕಾಯಿನ್ ಎಂಬ ಗಣಕದ ನಾಣ್ಯದಲ್ಲಿ ಕೊಡಲಾಗುತ್ತಿತ್ತು. ಸರಕು ಅಂಚೆಯಲ್ಲಿ ಬರುತ್ತಿತ್ತು. ಅದನ್ನು ಅನುಸರಿಸಿ ಇಂತಹ ಅನೇಕ ಪೇಟೆಗಳು ಹುಟ್ಟಿಕೊಂಡವು. ಕಳವಾದ ಗುರುತಿನ ವಿವರಗಳು, ನಕಲಿ ದಾಖಲೆಗಳು, ಆಯುಧಗಳು, ಇತರರ ಗಣಕಯಂತ್ರಗಳನ್ನು ಕೆಡಿಸುವ ತಂತ್ರಾಂಶಗಳು ಅಲ್ಲಿ ಸರಕಾದವು. ಮಕ್ಕಳನ್ನು ಹಿಂಸಿಸಿ ತೆಗೆದ ಚಿತ್ರಗಳನ್ನು ಮಾರುವಷ್ಟು ಹೀನರೂ ಅಲ್ಲಿ ಅಡಗಿದ್ದಾರೆ. ಇಂತಹ ಪೇಟೆಯಲ್ಲಿ ನಂಬಿಕೆಗೆ ಬೆಲೆಯಿಲ್ಲ. 2015ರ ಮಾರ್ಚ್ ತಿಂಗಳಲ್ಲಿ ‘ಎವಲ್ಯೂಷನ್’ ಎಂಬ ಪೇಟೆಯನ್ನು ನಡೆಸುತ್ತಿದ್ದವರು ಗಿರಾಕಿಗಳ ಹಣವನ್ನೆಲ್ಲ ಬಾಚಿಕೊಂಡು ಒಂದೇ ದಿನದಲ್ಲಿ ಕಣ್ಮರೆಯಾದರು. ಮೋಸಹೋದವರು ಯಾವ ಠಾಣೆಗೆ ಹೋಗಿ ದೂರು ಕೊಟ್ಟಾರು?

ಈ ಕೇಡು ನಮ್ಮ ನಾಡಿಗೂ ಮುಟ್ಟಿದೆ. 2020ರ ನವೆಂಬರ್ ತಿಂಗಳಲ್ಲಿ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು, ಕತ್ತಲ ಜಾಲದ ಮೂಲಕ ವಿದೇಶದಿಂದ ತರಿಸಿದ ಮಾದಕವಸ್ತುವಿನ ಪ್ರಕರಣವೊಂದನ್ನು ಪತ್ತೆಹಚ್ಚಿದರು. ಅದರ ಜಾಡನ್ನು ಹಿಡಿದು ಹೋದಾಗ, ಗಣಕ ವಿದ್ಯೆಯಲ್ಲಿ ಬಹು ಚತುರನಾದ ಒಬ್ಬ ಯುವಕನ ಬಂಧನವಾಯಿತು. 2019ರಲ್ಲಿ ರಾಜ್ಯ ಸರ್ಕಾರದ ಟೆಂಡರುಗಳ ಜಾಲತಾಣಕ್ಕೆ ಕನ್ನ ಹಾಕಿ 11 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಕದ್ದ ಆರೋಪವೂ ಅವನ ಮೇಲೆ ಬಂದಿತು. 2023ರಲ್ಲಿ ಸರ್ಕಾರವು ಈ ಪ್ರಕರಣಗಳಿಗಾಗಿ ವಿಶೇಷ ತನಿಖಾ ದಳವನ್ನು ನೇಮಿಸಿತು. ಮೊದಲಿನ ತನಿಖೆಯಲ್ಲಿ ಅಕ್ರಮವೆಸಗಿದ ಆರೋಪದ ಮೇಲೆ 2024ರಲ್ಲಿ ಆ ದಳವು ಪೊಲೀಸ್ ಅಧಿಕಾರಿಯನ್ನೂ ಬಂಧಿಸಿತು. ನ್ಯಾಯಾಲಯವು ತೀರ್ಪು ಕೊಡುವವರೆಗೆ ಆರೋಪಿಯನ್ನು ಅಪರಾಧಿ ಎನ್ನಲಾಗದು. ಆದರೆ ಎರಡು ಸಂಗತಿಗಳು ಇದರಿಂದ ಸ್ಪಷ್ಟವಾಗುತ್ತವೆ. ವಿದ್ಯೆಯಿದ್ದ ಮಾತ್ರಕ್ಕೆ ವಿವೇಕ ಬರುವುದಿಲ್ಲ. ಕೋಟೆಯನ್ನು ಕಾಯುವವರ ಮೇಲೂ ಒಂದು ಕಣ್ಣಿರಬೇಕು.

ಮಾದಕವಸ್ತುವಿನ ಪೊಟ್ಟಣಗಳು ಬಂದು ಸಿಕ್ಕಿಬೀಳುವ ಒಂದು ಸ್ಥಳ ಬೆಂಗಳೂರಿನ ಚಾಮರಾಜಪೇಟೆಯಲ್ಲಿರುವ ವಿದೇಶಿ ಅಂಚೆ ಕಚೇರಿ. 2024ರಲ್ಲಿ ಅಲ್ಲಿ ಪೊಲೀಸರು ಪರೀಕ್ಷೆ ನಡೆಸಿದಾಗ ಮಾದಕವಸ್ತುಗಳನ್ನು ಬಚ್ಚಿಟ್ಟಿದ್ದ ನೂರಾರು ಪೊಟ್ಟಣಗಳು ದೊರೆತವು. ಹೆಸರನ್ನು ಎಷ್ಟೇ ಪದರಗಳಲ್ಲಿ ಮರೆಮಾಡಿದರೂ ಸರಕು ಗಾಳಿಯಲ್ಲಿ ಹಾರಿ ಬರಲಾರದು. ಅದು ನೆಲದ ಮೇಲಿನ ಒಂದು ಬಾಗಿಲಿನಿಂದಲೇ ಬರಬೇಕು.

ಮಾದಕವಸ್ತುವನ್ನು ಮುಟ್ಟದವರಿಗೆ ಈ ಪೇಟೆಯ ಭಯವಿಲ್ಲವೆಂದು ಹೇಳುವಂತಿಲ್ಲ. ಅಲ್ಲಿ ಮಾರಾಟಕ್ಕಿರುವ ಸರಕುಗಳಲ್ಲಿ ನಮ್ಮ ವಿವರಗಳೂ ಸೇರಿವೆ. 2023ರ ಅಕ್ಟೋಬರ್ ತಿಂಗಳಲ್ಲಿ, 81 ಕೋಟಿಗೂ ಹೆಚ್ಚು ಭಾರತೀಯರ ಹೆಸರು, ದೂರವಾಣಿ ಸಂಖ್ಯೆ, ಆಧಾರ್ ಮುಂತಾದ ವಿವರಗಳನ್ನು ಮಾರುವುದಾಗಿ ಕತ್ತಲ ಜಾಲದಲ್ಲಿ ಒಬ್ಬನು ಸಾರಿದ್ದು ಬಯಲಾಯಿತು. ಅಂಗಡಿಯಲ್ಲಿ ನೆರಳಚ್ಚು ಮಾಡಿಸಿ ಅಲ್ಲಿಯೇ ಬಿಟ್ಟುಬಂದ ಗುರುತಿನ ಚೀಟಿ, ಯಾರೋ ಕೇಳಿದರೆಂದು ಹೇಳಿಬಿಟ್ಟ ಗುಪ್ತಸಂಖ್ಯೆ, ಎಲ್ಲ ಕಡೆಗೂ ಬಳಸಿದ ಒಂದೇ ಗುಪ್ತಪದ, ಇವೆಲ್ಲವೂ ಆ ಪೇಟೆಗೆ ಹೋಗುವ ಸರಕೇ. ಅಲ್ಲಿಂದ ಕೊಂಡವನು ‘ನಿಮ್ಮ ಬ್ಯಾಂಕಿನಿಂದ ಮಾತನಾಡುತ್ತಿದ್ದೇವೆ’ ಎಂದು ಕರೆಮಾಡಿ, ನಮ್ಮ ತಂದೆಯ ಹೆಸರನ್ನೂ ಹುಟ್ಟಿದ ದಿನವನ್ನೂ ತಪ್ಪಿಲ್ಲದೆ ಹೇಳಿದಾಗ, ನಂಬದಿರುವುದು ಕಷ್ಟವಾಗುತ್ತದೆ. ಶೇಂಗಾ ಮಾರಿ ಬಂದ ಒಂದು ವರ್ಷದ ದುಡಿಮೆ ಒಂದೇ ನಿಮಿಷದಲ್ಲಿ ಹೋಗುವುದು ಹೀಗೆ.

ಹಾಗಾದರೆ ಈ ಪೇಟೆಯವರನ್ನು ಹಿಡಿಯುವುದು ಅಸಾಧ್ಯವೆ? ಇಲ್ಲ. ಯಂತ್ರದ ಗೋಡೆ ಎಷ್ಟೇ ಭದ್ರವಾಗಿರಲಿ, ಮನುಷ್ಯನ ಅಜಾಗರೂಕತೆಯು ಅದರಲ್ಲಿ ಒಂದು ಕಿಂಡಿಯನ್ನು ಉಳಿಸಿಯೇ ಇರುತ್ತದೆ. ಸಿಲ್ಕ್ ರೋಡನ್ನು ಸ್ಥಾಪಿಸಿದವನು ಮೊದಲ ದಿನಗಳಲ್ಲಿ ಎಲ್ಲರೂ ಓದಬಹುದಾದ ಒಂದು ಚರ್ಚೆಯಲ್ಲಿ ತನ್ನ ನಿಜವಾದ ಹೆಸರಿದ್ದ ಮಿಂಚಂಚೆಯ ವಿಳಾಸವನ್ನು ಬರೆದಿದ್ದನು. ಗ್ಯಾರಿ ಆಲ್ಫರ್ಡ್ ಎಂಬ ತೆರಿಗೆ ಇಲಾಖೆಯ ತನಿಖಾಧಿಕಾರಿಯು ಸಾಮಾನ್ಯರು ಮಾಡುವಂತಹ ಹುಡುಕಾಟದಿಂದಲೇ ಅದನ್ನು ಕಂಡುಹಿಡಿದರು. 2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಆತನನ್ನು ಬಂಧಿಸಲಾಯಿತು. 2015ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ಕ್ಷಮಾದಾನ ನೀಡಿದ ಮೇಲೆ ಬಿಡುಗಡೆಯಾದನು.

2017ರಲ್ಲಿ ನಡೆದ ಕಾರ್ಯಾಚರಣೆಯು ಇನ್ನೂ ಕುತೂಹಲಕರವಾದುದು. ಆಗ ‘ಆಲ್ಫಾಬೇ’ ಎಂಬುದು ಎಲ್ಲಕ್ಕಿಂತ ದೊಡ್ಡ ಕತ್ತಲ ಪೇಟೆಯಾಗಿತ್ತು; ಅದರಲ್ಲಿ ಎರಡು ಲಕ್ಷ ಬಳಕೆದಾರರಿದ್ದರು. ‘ಹಂಸಾ’ ಎಂಬುದು ಇನ್ನೊಂದು ಪೇಟೆ. ನೆದರ್ಲೆಂಡ್ಸ್ ದೇಶದ ಪೊಲೀಸರು ಜೂನ್ ತಿಂಗಳಲ್ಲಿ ಹಂಸಾವನ್ನು ಸದ್ದಿಲ್ಲದೆ ವಶಪಡಿಸಿಕೊಂಡು, ಅದನ್ನು ಮುಚ್ಚದೆ ತಾವೇ ನಡೆಸತೊಡಗಿದರು. ಜುಲೈ ತಿಂಗಳ ಆರಂಭದಲ್ಲಿ ಅಮೆರಿಕ, ಥಾಯ್ಲೆಂಡ್ ಮೊದಲಾದ ದೇಶಗಳ ಅಧಿಕಾರಿಗಳು ಆಲ್ಫಾಬೇಯನ್ನು ಮುಚ್ಚಿಸಿದರು. ದಿಕ್ಕೆಟ್ಟ ಮಾರಾಟಗಾರರೂ ಗಿರಾಕಿಗಳೂ ಆಶ್ರಯವನ್ನು ಅರಸಿ ಹಂಸಾಕ್ಕೆ ಓಡಿದರು. ಬಾಗಿಲಿನಲ್ಲಿ ಬರಮಾಡಿಕೊಂಡವರು ಪೊಲೀಸರೇ! ಸುಮಾರು 10,000 ಗಿರಾಕಿಗಳ ವಿಳಾಸಗಳು ಅವರ ಕೈಸೇರಿದವು. ಮುಂದೆ 2025ರಲ್ಲಿ ಹತ್ತು ದೇಶಗಳ ಪೊಲೀಸರು ಒಟ್ಟುಗೂಡಿ ನಡೆಸಿದ ಮತ್ತೊಂದು ಕಾರ್ಯಾಚರಣೆಯಲ್ಲಿ 270 ಮಂದಿ ಬಂಧಿತರಾದರು.

ಹಣದ ಜಾಡೂ ಅಳಿಯುವುದಿಲ್ಲ. ಬಿಟ್‌ಕಾಯಿನಿನ ಪ್ರತಿಯೊಂದು ವರ್ಗಾವಣೆಯೂ ಎಲ್ಲರೂ ನೋಡಬಹುದಾದ ಒಂದು ಲೆಕ್ಕದ ಪುಸ್ತಕದಲ್ಲಿ ಶಾಶ್ವತವಾಗಿ ದಾಖಲಾಗುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನು ಬಂಡೆಯ ಮೇಲೆ ಕೊರೆಯಿಸಿದ ಶಾಸನವನ್ನು ವಿದ್ವಾಂಸರು ಇಂದಿಗೂ ಓದುತ್ತಾರಲ್ಲವೆ? ಹಾಗೆಯೇ ಈ ಲೆಕ್ಕವನ್ನೂ ವರ್ಷಗಳ ನಂತರ ಓದಬಹುದು. ಅದರಲ್ಲಿ ಹೆಸರುಗಳಿರುವುದಿಲ್ಲ, ಸಂಕೇತಗಳಿರುತ್ತವೆ. ಆದರೆ ಆ ನಾಣ್ಯವನ್ನು ರೂಪಾಯಿಗೆ ಬದಲಾಯಿಸಲು ಬಂದ ದಿನ ಸಂಕೇತಕ್ಕೆ ಮುಖ ಬರುತ್ತದೆ. ಇದನ್ನರಿತ ಭಾರತ ಸರ್ಕಾರವು 2023ರ ಮಾರ್ಚ್ ತಿಂಗಳಲ್ಲಿ ಇಂತಹ ನಾಣ್ಯಗಳ ವಿನಿಮಯ ಮಾಡುವವರನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ತಂದಿತು. ಗಿರಾಕಿಗಳ ಗುರುತನ್ನು ಪರಿಶೀಲಿಸಿ ದಾಖಲೆಯಿಡುವುದು ಅವರ ಕರ್ತವ್ಯವಾಯಿತು.

ಸರ್ಕಾರದ ಇತರ ಪ್ರಯತ್ನಗಳನ್ನೂ ಗಮನಿಸಬೇಕು. ಮಾಹಿತಿ ತಂತ್ರಜ್ಞಾನ ಕಾಯಿದೆಯು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ಇತರರ ಗುಪ್ತಪದವನ್ನು ಕದ್ದು ಬಳಸಿದವರಿಗೆ ಈ ಕಾಯಿದೆಯ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸವೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. ಮಾದಕವಸ್ತುಗಳಿಗೆ ಸಂಬಂಧಿಸಿದ ಕಾಯಿದೆಯು 1985ರದು. ಸೈಬರ್ ಅಪರಾಧಗಳಿಗೆಂದೇ ಮೀಸಲಾದ ದೇಶದ ಮೊದಲ ಪೊಲೀಸ್ ಠಾಣೆಯು 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತೆಂಬುದು ಕನ್ನಡಿಗರು ಅಭಿಮಾನಪಡಬೇಕಾದ ಸಂಗತಿ. ಈಗ ಜಿಲ್ಲೆಗಳಲ್ಲಿಯೂ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗಳಿವೆ. ಸೆನ್ ಠಾಣೆ ಎಂದು ಕರೆಯಲಾಗುವ ಇಂತಹ ಒಂದು ಠಾಣೆ ಚಿತ್ರದುರ್ಗದಲ್ಲಿಯೂ ಇದೆ. ಪೊಲೀಸರಿಗೂ ನ್ಯಾಯಾಧೀಶರಿಗೂ ಈ ವಿದ್ಯೆಯನ್ನು ಕಲಿಸಲು 2019ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಕೇಂದ್ರವೊಂದು ಸ್ಥಾಪಿತವಾಯಿತು. ದೂರು ಸ್ವೀಕರಿಸುವ ರಾಷ್ಟ್ರೀಯ ಜಾಲತಾಣವು 2019ರ ಆಗಸ್ಟ್ 30ರಂದು ಪ್ರಾರಂಭವಾಯಿತು. ಎಲ್ಲ ರಾಜ್ಯಗಳ ಕೆಲಸವನ್ನು ಹೊಂದಿಸುವ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2020ರ ಜನವರಿಯಲ್ಲಿ ದೆಹಲಿಯಲ್ಲಿ ಉದ್ಘಾಟನೆಯಾಯಿತು. ಕತ್ತಲ ಜಾಲದ ಮಾದಕವಸ್ತು ವ್ಯಾಪಾರವನ್ನು ಕಾಯಲು ಕೇಂದ್ರ ಸರ್ಕಾರವು ಪ್ರತ್ಯೇಕ ಕಾರ್ಯಪಡೆಯನ್ನು ರಚಿಸಿದೆ.

ಇಷ್ಟಾದರೂ ಒಂದು ಪೇಟೆಯನ್ನು ಮುಚ್ಚಿದರೆ ಮತ್ತೊಂದು ತೆರೆಯುತ್ತಿದೆ. ಅಪರಾಧಿಯು ಒಂದು ದೇಶದಲ್ಲಿ, ಅವನ ಗಣಕಯಂತ್ರವು ಇನ್ನೊಂದು ದೇಶದಲ್ಲಿ, ಮೋಸಹೋದವನು ಮೂರನೆಯ ದೇಶದಲ್ಲಿ ಇರುವಾಗ ತನಿಖೆಗೆ ವರ್ಷಗಳೇ ಹಿಡಿಯುತ್ತವೆ. ಹಾಗೆಂದು ಎಲ್ಲರ ಮನೆಯ ಬೀಗವನ್ನೂ ಒಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟರೆ, ಕಳ್ಳನೊಡನೆ ಸಜ್ಜನನ ಮಾನವೂ ಹೋದೀತು. ಖಾಸಗಿತನವು ನಾಗರಿಕನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪು ನೀಡಿದೆ. ಅಪರಾಧಿಯನ್ನು ಹಿಡಿಯಬೇಕು, ಹಕ್ಕನ್ನೂ ಉಳಿಸಬೇಕು. ಈ ಎರಡರ ನಡುವಿನ ಹಾದಿಯು ಕಿರಿದಾದುದು. ಆದರೆ ಪ್ರಜಾಪ್ರಭುತ್ವಕ್ಕೆ ಬೇರೆ ಹಾದಿಯಿಲ್ಲ.

ಇದರಲ್ಲಿ ವಿದ್ಯಾರ್ಥಿಗಳ ಪಾಲೇನು? ಕುತೂಹಲವು ಒಳ್ಳೆಯದು, ಆದರೆ ‘ಒಮ್ಮೆ ನೋಡಿ ಬರೋಣ’ ಎಂದು ಕತ್ತಲ ಪೇಟೆಗೆ ಇಳಿಯುವುದು, ಹಾವಿನ ಹುತ್ತದಲ್ಲಿ ಕೈಯಿಟ್ಟು ಆಳವನ್ನು ಅಳೆದಂತೆ. ‘ನಿನ್ನ ಬ್ಯಾಂಕ್ ಖಾತೆಯನ್ನು ನಮಗೆ ಕೊಡು, ಕೂತಲ್ಲಿಯೇ ಹಣ ಕೊಡುತ್ತೇವೆ’ ಎನ್ನುವವರನ್ನು ನಂಬಬಾರದು. ಕದ್ದ ಹಣವು ಆ ಖಾತೆಯಲ್ಲಿ ಹಾದುಹೋದರೆ ಪೊಲೀಸರು ಮೊದಲು ಬರುವುದು ಖಾತೆಯ ಒಡೆಯನ ಮನೆಗೆ. ಹಣ ಮೋಸಹೋದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು; ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲಿಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮಾದಕವಸ್ತುವಿನ ವಿಷಯವನ್ನು ತಿಳಿಸಲು, ಅದರ ಸೆಳೆತಕ್ಕೆ ಸಿಕ್ಕವರಿಗೆ ನೆರವು ಕೇಳಲು 1933 ಎಂಬ ಸಂಖ್ಯೆಯಿದೆ. ಎಲ್ಲಕ್ಕಿಂತ ಮಿಗಿಲಾಗಿ, ತಪ್ಪು ನಡೆದುಹೋದರೆ ಮನೆಯ ಹಿರಿಯರಿಗೆ ಅಥವಾ ಉಪಾಧ್ಯಾಯರಿಗೆ ಹೇಳಲು ಹೆದರಬಾರದು. ಕತ್ತಲ ಪೇಟೆಯವರ ದೊಡ್ಡ ಬಲವಿರುವುದು ಮೋಸಹೋದವರ ಮೌನದಲ್ಲಿ.

ಓಬವ್ವನು ಸೈನಿಕಳಾಗಿರಲಿಲ್ಲ. ಕಿಂಡಿಯನ್ನು ಕಾಯೆಂದು ಆಕೆಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಪಿಸುಮಾತು ಕೇಳಿಸಿದಾಗ ‘ಇದು ನನ್ನ ಕೆಲಸವಲ್ಲ’ ಎಂದು ಕೊಡ ತುಂಬಿಕೊಂಡು ಆಕೆ ಮನೆಗೆ ಹೋಗಲಿಲ್ಲ, ಅಷ್ಟೇ. ಬತೇರಿಗಳನ್ನು ಕಟ್ಟುವುದು ಸರ್ಕಾರದ ಕೆಲಸ. ತನ್ನ ಮನೆಯ ಬಳಿಯ ಕಿಂಡಿಯಲ್ಲಿ ಸದ್ದಾದಾಗ ಕಿವಿಗೊಡುವುದು ಮಾತ್ರ ಪ್ರತಿಯೊಬ್ಬ ನಾಗರಿಕನ ಕೆಲಸ.

ಪದಗಳ ಅರ್ಥ

ಬತೇರಿ – ಕೋಟೆಯ ಮೇಲಿನ ಕಾವಲು ಬುರುಜು
ಸಂದು – ಎರಡು ವಸ್ತುಗಳ ನಡುವಿನ ಕಿರಿದಾದ ಜಾಗ
ಜಾಡು – ಹೆಜ್ಜೆಯ ಗುರುತು, ದಾರಿ
ಔಚಿತ್ಯ – ಯೋಗ್ಯತೆ, ಸರಿಯಾಗಿ ಹೊಂದುವಿಕೆ
ಸಮನ್ವಯ – ಹೊಂದಾಣಿಕೆ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ‘ಈರುಳ್ಳಿ ಮಾರ್ಗ’ ಎಂಬ ಹೆಸರು ಏಕೆ ಬಂದಿತು?
2. ದೇಶದ ಮೊದಲ ಸೈಬರ್ ಅಪರಾಧ ಠಾಣೆ ಎಲ್ಲಿ, ಯಾವಾಗ ಆರಂಭವಾಯಿತು?
3. ಹಣ ಮೋಸಹೋದಾಗ ಯಾವ ಸಂಖ್ಯೆಗೆ ಕರೆಮಾಡಬೇಕು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಮೂರು ಲಕೋಟೆಗಳ ಉದಾಹರಣೆಯನ್ನು ನಿಮ್ಮ ಮಾತುಗಳಲ್ಲಿ ವಿವರಿಸಿ.
2. ಹಂಸಾ ಪೇಟೆಗೆ ಓಡಿಬಂದವರು ಸಿಕ್ಕಿಬಿದ್ದುದು ಹೇಗೆ?
3. ಬಿಟ್‌ಕಾಯಿನಿನ ಲೆಕ್ಕವನ್ನು ಶಿಲಾಶಾಸನಕ್ಕೆ ಹೋಲಿಸಿರುವುದೇಕೆ?

ಇ) ಸಂದರ್ಭ ಸಹಿತ ವಿವರಿಸಿ.
1. “ಬಾಗಿಲಿನಲ್ಲಿ ಬರಮಾಡಿಕೊಂಡವರು ಪೊಲೀಸರೇ!”
2. “ಕೋಟೆಯನ್ನು ಕಾಯುವವರ ಮೇಲೂ ಒಂದು ಕಣ್ಣಿರಬೇಕು.”

ಈ) ಚರ್ಚಿಸಿ.
ಅಪರಾಧಿಯನ್ನು ಹಿಡಿಯುವುದು ಮತ್ತು ನಾಗರಿಕರ ಖಾಸಗಿತನವನ್ನು ಉಳಿಸುವುದು, ಇವೆರಡನ್ನೂ ಒಟ್ಟಿಗೆ ಸಾಧಿಸುವುದು ಹೇಗೆ?